ನಿಂತಿತೆಂದು ಊರಿಗೆ ಸಾರಿದ ಅತ್ತಿಗೆ

ನಮ್ಮ ಅತ್ತಿಗೆಗೆ ಐವತ್ತು ದಾಟಿದ ಮೇಲೆ ತಲೆ ಕೆಟ್ಟಿದೆ ಎಂದು ಶಿಕಾರಿಪುರದ ಅರ್ಧ ಜನ ನಂಬಿದ್ದಾರೆ. ನಂಬದೆ ಇರುವ ಇನ್ನರ್ಧ ಜನ ಹೆಂಗಸರು.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಅಣ್ಣನಿಗೆ ಶಿಕಾರಿಪುರದ ಪೇಟೆಯಲ್ಲಿ ಬಟ್ಟೆ ಅಂಗಡಿ, ನಮ್ಮಪ್ಪನ ಕಾಲದ್ದು. ನನ್ನನ್ನು ಸೊರಬಕ್ಕೆ ಕೊಟ್ಟಿದ್ದಾರೆ. ನಡುವೆ ಇರುವುದು ಶಿರಾಳಕೊಪ್ಪದ ಮೇಲೆ ಹಾದು ಬರುವ ಒಂದು ಬಸ್ಸಿನ ದಾರಿ. ಆದರೆ ಅತ್ತಿಗೆಯ ಸುದ್ದಿ ಬಸ್ಸಿಗಿಂತ ಮೊದಲೇ ಬಂದು ನಮ್ಮ ಅಡುಗೆಮನೆಯಲ್ಲಿ ಕೂತಿರುತ್ತದೆ! "ನಿಮ್ಮ ಅತ್ತಿಗೆ ಈ ಸಲ ಏನು ಮಾಡಿದಾರೆ ಗೊತ್ತುಂಟಾ ಮಾರಾಯ್ತಿ?" ಎಂದು ನನ್ನ ಓರಗಿತ್ತಿ ಶುರು ಮಾಡಿದರೆ ನಾನು ಮೊದಲು ಗ್ಯಾಸು ಆರಿಸುತ್ತೇನೆ. ಒಗ್ಗರಣೆ ಹಾಕುತ್ತಾ ಕೇಳುವಂಥ ಸುದ್ದಿಗಳಲ್ಲ ಅವು.

ಮೊದಲು ಅವರು ಹೀಗಿರಲಿಲ್ಲ. ಮದುವೆಯಾಗಿ ಬಂದ ಮೇಲೆ ಅವರು ಜೋರಾಗಿ ಮಾತಾಡಿದ್ದನ್ನು ನಾನಂತೂ ಕೇಳಿಲ್ಲ. ಅವರಿಗೆ ಮಕ್ಕಳಾಗಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಊರಿನವರೂ ಅವರ ವಿಷಯದಲ್ಲಿ ಮೊದಲು ಹೇಳುತ್ತಿದ್ದುದು ಇದನ್ನೇ. ಡಾಕ್ಟರು, ನಾಟಿ ಔಷಧಿ, ಹರಕೆ, ಉಪವಾಸ ಎಲ್ಲ ಆಯಿತು. ತಿಂಗಳು ತಿಂಗಳೂ ಅತ್ತಿಗೆ ಹೊರಗಾಗಿ ಹಿತ್ತಿಲ ಕೋಣೆಯಲ್ಲಿ ಕೂತರೆ ಮನೆಯವರ ಮುಖವೆಲ್ಲ ಇಳಿಯುತ್ತಿತ್ತು. ನಮ್ಮಮ್ಮ ಆಗಿನ್ನೂ ಬದುಕಿದ್ದಳು. ಅವಳು ಬಿಡುತ್ತಿದ್ದ ನಿಟ್ಟುಸಿರಿಗೆ ಒಲೆ ಹತ್ತಿಕೊಳ್ಳುತ್ತಿತ್ತು, ಊದುಗೊಳವೆ ಬೇಕಿರಲಿಲ್ಲ.

ನೆಂಟರ ಮನೆಗಳಲ್ಲಿ ತೊಟ್ಟಿಲು, ಸೀಮಂತ ಎಂದರೆ ಅತ್ತಿಗೆಗೆ ಇನ್ನೂ ಕಷ್ಟ. ಬಸುರಿಗೆ ಉಡಿ ತುಂಬುವಾಗ ತಟ್ಟೆ ಅವರನ್ನು ದಾಟಿ ಪಕ್ಕದವರ ಕೈಗೆ ಹೋಗುತ್ತಿತ್ತು. ಯಾರೋ ಅಜ್ಜಿ ಗದ್ದ ಹಿಡಿದು "ಬರೋ ವರ್ಷ ನಿನ್ನ ಮನೇಲೂ ತೊಟ್ಟಿಲು ತೂಗ್ಲಿ ತಾಯಿ" ಎನ್ನುತ್ತಿದ್ದಳು. ಎಷ್ಟು ಬರೋ ವರ್ಷಗಳು! ಕೊನೆಗೆ ಅತ್ತಿಗೆ ಒಂದು ಉಪಾಯ ಕಂಡುಕೊಂಡರು. ಕರೆಯಲು ಯಾರೇ ಬರಲಿ, "ನಾನು ಹೊರಗಾಗಿದೀನ್ರೀ" ಎಂದುಬಿಡುವುದು. ನಮ್ಮ ಕಡೆ ಈ ಮಾತಿಗೆ ಅಪೀಲಿಲ್ಲ. ಒಂದು ಸಲ ಸಾಲಾಗಿ ಮಕ್ಕಳು ಹುಟ್ಟಿದಾಗ ಅತ್ತಿಗೆ ಒಂದೇ ತಿಂಗಳಲ್ಲಿ ಮೂರು ಸಲ ಹೊರಗಾದರು. ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಎಲ್ಲರಿಗೂ ಅನುಕೂಲವೂ ಆಗಿತ್ತು. ನನ್ನ ಮಗಳ ತೊಟ್ಟಿಲು ಶಾಸ್ತ್ರ ಅವರದೇ ಪಡಸಾಲೆಯಲ್ಲಿ ನಡೆದಾಗಲೂ ಅವರು ಹಿತ್ತಿಲಲ್ಲೇ ಉಳಿದರು.

ಇಂಥ ಅತ್ತಿಗೆ ಕಳೆದ ವರ್ಷ ಒಂದು ಮದುವೆಯ ಊಟದಲ್ಲಿ ಬಾಯಿ ಬಿಟ್ಟರು. ಮಾಗಿಯ ಚಳಿ. ಪಂಕ್ತಿಯಲ್ಲಿ ಕೂತವರೆಲ್ಲ ಶಾಲು ಹೊದ್ದಿದ್ದರೆ ಅತ್ತಿಗೆ ಬಾಳೆಲೆಯ ತುದಿ ಹರಿದುಕೊಂಡು ಗಾಳಿ ಹಾಕಿಕೊಳ್ಳುತ್ತಿದ್ದರು. ಪಕ್ಕದಲ್ಲಿದ್ದ ನೆಂಟರ ಅಜ್ಜಿ ಕೇಳಿದಳು: "ಯಾಕವ್ವಾ ಹಿಂಗೆ ಬೆವರ್ತೀಯ, ಹುಷಾರಿಲ್ಲೇನು?"

"ಹುಷಾರಾಗೇ ಇದೀನಿ ದೊಡ್ಡವ್ವ," ಎಂದರು ಅತ್ತಿಗೆ, ಅಜ್ಜಿಗೆ ಕಿವಿ ಮಂದ ಎಂದು ಜೋರಾಗಿಯೇ. "ಮುಟ್ಟು ನಿಂತೈತೆ. ವರ್ಷ ಆತು. ಅದ್ಕೆ ಆಗಾಗ ಮೈಯಾಗೆ ಒಲೆ ಹಚ್ಚಿದಂಗೆ ಆಗ್ತೈತೆ."

ಎದುರು ಪಂಕ್ತಿಯೆಲ್ಲ ಗಂಡಸರು! ಒಬ್ಬರ ಹಪ್ಪಳವೂ ಸದ್ದು ಮಾಡಲಿಲ್ಲ. ಸಾರು ಬಡಿಸುವವನು ಅಣ್ಣನ ಎಲೆಯ ಮುಂದೆ ನಿಂತಿದ್ದ. ಸಾಕು ಎನ್ನಲು ಅಣ್ಣನಿಗೆ ನಾಲಿಗೆ ಏಳಲಿಲ್ಲ, ನಿಲ್ಲಿಸಲು ಅವನಿಗೂ ತೋಚಲಿಲ್ಲ. ಸೌಟಿನ ಮೇಲೆ ಸೌಟು ಬಿದ್ದು ಸಾರು ಅಣ್ಣನ ಪಂಚೆಯವರೆಗೆ ಹರಿಯಿತು.

ಮನೆಗೆ ಬಂದು ಅಣ್ಣ ಕೂಗಾಡಿದ. "ನಾಲ್ಕು ಜನದ ಮುಂದೆ ಹೇಳೋ ಮಾತೇನೇ ಅದು?"

"ಬರ್ತಿದ್ದಾಗ ಇಡೀ ಮನೆಗೆ ಗೊತ್ತಾಗ್ತಿತ್ತು. ನಿಮ್ಮ ಅಂಗಡಿ ಆಳಿಗೂ ಗೊತ್ತಾಗ್ತಿತ್ತು. ನಿಂತಿದ್ದೊಂದು ಯಾಕೆ ಗುಟ್ಟಾಗಿರ್ಬೇಕು, ಹೇಳ್ರಿ."

ಅಣ್ಣ ಸಾರು ಬಿದ್ದ ಪಂಚೆ ಬದಲಿಸಲು ಒಳಗೆ ಹೋದ.

ಅಷ್ಟಕ್ಕೇ ಮುಗಿದಿದ್ದರೆ ಊರು ಮರೆಯುತ್ತಿತ್ತೇನೋ. ಮನೆಯ ಫ್ಯಾನುಗಳು ಹಳೆಯವು, ತಿರುಗುವುದಕ್ಕಿಂತ ನರಳುವುದೇ ಹೆಚ್ಚು. ಅಂಗಡಿಯ ಗಲ್ಲಾದ ಮೇಲೆ ಮಾತ್ರ ಅಣ್ಣ ಹೊಸ ಫ್ಯಾನು ಹಾಕಿಸಿಕೊಂಡಿದ್ದ. ಒಂದು ಬೆಳಗ್ಗೆ ತಿಂಡಿ ಡಬ್ಬಿ ಕೊಡಲು ಹೋದ ಅತ್ತಿಗೆಗೆ ಮೈ ಉರಿ ಎದ್ದಿತು. "ಸ್ವಲ್ಪ ಏಳ್ರಿ" ಎಂದು ಅಣ್ಣನನ್ನು ಎಬ್ಬಿಸಿ ಅವನ ಕುರ್ಚಿಯಲ್ಲಿ ಕೂತರು. ಈಗ ಏಳುತ್ತಾಳೆ, ಆಗ ಏಳುತ್ತಾಳೆ ಎಂದು ಅಣ್ಣ ತಿಂಡಿ ಮುಗಿಸಿ ಕಾದ. ಈಗಲೂ ಕಾಯುತ್ತಿದ್ದಾನೆ, ಸೀರೆ ಮಡಿಸುವ ಮೂಲೆಯಲ್ಲಿ ಕೂತು.

ಅಣ್ಣನ ಹತ್ತಿರ ಲಂಗದ ಬಟ್ಟೆ ಕೇಳಲೂ ನಾಚುತ್ತಿದ್ದ ಹೆಂಗಸರು ಈಗ ಅಂಗಡಿಯೊಳಗೆ ಕೂತು ಎದ್ದೇಳುವುದಿಲ್ಲ. ನಿದ್ದೆ ಬಾರದವರು, ಸುಮ್ಮಸುಮ್ಮನೆ ಅಳು ಬರುವವರು, ಗಂಡನ ದನಿ ಕೇಳಿದರೆ ಸಿಟ್ಟು ನೆತ್ತಿಗೇರುವವರು. ಕೊನೆಯದಕ್ಕೆ ವಯಸ್ಸು ಕಾರಣವಲ್ಲ ಎಂದು ಅತ್ತಿಗೆ ಧೈರ್ಯ ಹೇಳುತ್ತಾರೆ. ರಕ್ತ ಜಾಸ್ತಿ ಹೋಗುತ್ತದೆ ಎಂದವರನ್ನು ಮಾತ್ರ ಬಟ್ಟೆ ತೋರಿಸದೆ ನೇರ ಡಾಕ್ಟರ ಹತ್ತಿರ ಅಟ್ಟುತ್ತಾರೆ. ಅದರಲ್ಲಿ ತಮಾಷೆ ಇಲ್ಲ.

ಒಂದು ದಿನ ಈಸೂರಿನ ಕಡೆಯ ಒಬ್ಬ ಯಜಮಾನರು ಹೆಂಡತಿಗೆ ಸೀರೆ ಕೊಳ್ಳಲು ಬಂದರು. ಹಬ್ಬಕ್ಕೆ ಮಿರಿಮಿರಿ ಮಿಂಚುವ ನೈಲೆಕ್ಸ್ ಸೀರೆಯೇ ಬೇಕಂತೆ.

"ಮನೆಯವ್ರಿಗೆ ವಯಸ್ಸೆಷ್ಟಾತು?" ಎಂದರು ಅತ್ತಿಗೆ.

"ಐವತ್ತರ ಹತ್ರ ಬಂತು ನೋಡ್ರಿ."

"ರಾತ್ರಿ ಕಂಬಳಿ ಒದೀತಾರೇನು?"

ಯಜಮಾನರು ಅತ್ತಿತ್ತ ನೋಡಿದರು. "ಕಂಬಳಿ ಒಂದೇ ಆಗಿದ್ರೆ ಅಡ್ಡಿ ಇರ್ಲಿಲ್ಲ್ರೀ, ನನ್ನನ್ನೂ ಒದೀತಾಳೆ."

"ಹಂಗಾದ್ರೆ ಹತ್ತಿ ಸೀರೆ ತಗೊಂಡು ಹೋಗ್ರಿ," ಎಂದು ಅತ್ತಿಗೆ ಎರಡು ಸೀರೆ ಕಟ್ಟಿಸಿದರು.

ದಾರಿಯಲ್ಲಿ ಉರಿ ಎದ್ದರೆ ಏನು ಗತಿ? ಪೇಟೆಯಲ್ಲಿ ಏಸಿ ಇರುವ ಒಂದು ಎಟಿಎಂ ಇದೆ. ಅತ್ತಿಗೆ ಒಳಗೆ ಹೋಗಿ, ಸೆರಗು ಬಿಚ್ಚಿ ಹರಡಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಹೊರಗೆ ಸಾಲು ಬೆಳೆಯುತ್ತದೆ. ಒಮ್ಮೆ ಒಬ್ಬ ಕಾದು ಸಾಕಾಗಿ ಕೇಳಿದನಂತೆ, "ದುಡ್ಡು ಬಂತೇನ್ರೀ ಅಮ್ಮಾ?" ಎಂದು. "ದುಡ್ಡಿಗೆ ಯಾರು ಬಂದಿದ್ರಪ್ಪಾ? ತಂಪು ಬಂತು, ನೀನಿನ್ನು ಹೋಗು" ಎಂದರಂತೆ.

ನಗಬೇಡಿ. ನನಗೂ ನಲವತ್ತೊಂಬತ್ತು.

ಬೇಸಿಗೆಯಲ್ಲಿ ಅಂಗಡಿಯ ರಜದ ದಿನ ಅತ್ತಿಗೆ ತಮ್ಮ ಗಿರಾಕಿ ಗೆಳತಿಯರನ್ನು ಕಟ್ಟಿಕೊಂಡು ಬಳ್ಳಿಗಾವಿಯ ಹಳೇ ಕಲ್ಲಿನ ದೇವಸ್ಥಾನಕ್ಕೆ ಹೊರಟರು. ಸೊರಬದಿಂದ ನಾನೂ ಹೋಗಿ ಸೇರಿದೆ. ದೇವರಿಗೆ ಕೈ ಮುಗಿದದ್ದೇ ತಡ, ಅತ್ತಿಗೆ ಕಂಬಗಳ ನಡುವಿನ ನುಣುಪು ಕಲ್ಲಿನ ಮೇಲೆ ಸೀದಾ ಮಲಗಿಬಿಟ್ಟರು. ಉಳಿದವರೂ ಸಾಲಾಗಿ ಮಲಗಿದರು. ಕಾವಲಿನ ಹುಡುಗ ಗಾಬರಿಯಾಗಿ ಓಡಿ ಬಂದ. "ದರ್ಶನ ಆಯ್ತೇನ್ರಮ್ಮಾ?"

"ಆಗ್ತಾ ಐತೆ ತಮ್ಮಾ, ಬೆನ್ನಿನಿಂದ."

ನಾನು ಸುತ್ತ ನೋಡಿದೆ. ಗುರುತಿನವರು ಯಾರೂ ಇರಲಿಲ್ಲ. ನಾನೂ ಮಲಗಿದೆ. ಆಹಾ, ಇಂಥ ನೆಲ ಹಾಕಿಸಿದ ಪುಣ್ಯಾತ್ಮರ ಮನೆಯಲ್ಲೂ ಯಾರಿಗೋ ನಮ್ಮ ವಯಸ್ಸಾಗಿತ್ತೆಂದೇ ನನಗನಿಸಿತು! ಹಾಗೇ ಮಲಗಿದ್ದಾಗ ಮೆಲ್ಲಗೆ ಕೇಳಿದೆ: "ಅತ್ತಿಗೆ, ನಿಮಗೆ ಬೇಜಾರು ಆಗ್ಲೇ ಇಲ್ವಾ?"

"ಆಗ್ದೆ ಏನು? ಡಾಕ್ಟ್ರು ಇನ್ನು ಮುಟ್ಟು ಬರಲ್ಲ ಅಂದ ದಿನ ದೇವ್ರ ಮನೇಲಿ ಕೂತು ಹೊಟ್ಟೆ ತುಂಬ ಅತ್ತುಬಿಟ್ಟೆ," ಎಂದರು, ಮೇಲಿನ ಕಲ್ಲನ್ನೇ ನೋಡುತ್ತಾ. "ಸಂಜೀಗೆ ಹಸಿವಾತು. ಅವಲಕ್ಕಿ ಕಲಸ್ಕೊಂಡು ತಿಂದೆ. ತಿಂತಾ ತಿಂತಾ ಹೊಳೀತು, ಇನ್ಮೇಲೆ ತಿಂಗಳು ತಿಂಗಳು ನನ್ನ ಮುಖ ನೋಡಾಕೆ ಯಾರೂ ಬರಂಗಿಲ್ಲ ಅಂತ. ಇನ್ನೊಂದು ಬಟ್ಟಲು ಕಲಸ್ಕೊಂಡೆ."

ಆಮೇಲೆ ಕಣ್ಣು ಮುಚ್ಚಿದರು. ನಿದ್ದೆಯೂ ಬಂತು, ಗೊರಕೆ ಕೇಳಿ ಕಾವಲಿನ ಹುಡುಗ ಇನ್ನೊಮ್ಮೆ ಬಂದು ಹೋದ.

ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಮಗಳಿಗೆ ಏಳು ತಿಂಗಳು ತುಂಬಿತು. ಸೀಮಂತ ನಮ್ಮ ಮನೆಯಲ್ಲೇ, ಸೊರಬದಲ್ಲಿ. ಅತ್ತಿಗೆಗೆ ಫೋನ್ ಮಾಡಿದೆ. ಇಷ್ಟು ವರ್ಷ ಹೇಳುತ್ತಿದ್ದ ಉತ್ತರ ಅವರ ನಾಲಿಗೆಯ ತುದಿಗೆ ಬಂದದ್ದು ನನಗೆ ಇಲ್ಲಿಂದಲೇ ಗೊತ್ತಾಯಿತು. ಆದರೆ ಹೇಳುವುದು ಹೇಗೆ? ಊರಿಗೆಲ್ಲ ಸಾರಿ ಆಗಿತ್ತಲ್ಲ. ಅಡಗಿಕೊಳ್ಳಲು ಇದ್ದ ಒಂದೇ ಜಾಗವನ್ನು ತಮ್ಮ ಕೈಯಾರೆ ಮುಚ್ಚಿಕೊಂಡಿದ್ದರು.

"ಬರ್ಲೇಬೇಕೇನವ್ವಾ?" ಎಂದರು.

"ಬರ್ಲೇಬೇಕು."

"ನಿಮ್ಮ ಕಡೆಯೋರು ಏನಾದ್ರೂ ಅಂದ್ರೆ?"

"ನೀವು ಬನ್ನಿ ಅತ್ತಿಗೆ" ಎಂದು ಫೋನ್ ಇಟ್ಟೆ. ಅನ್ನುವವರು ಆಗಲೇ ಅಂದಿದ್ದರು. "ಮೊದಲ ಐದು ಜನ ಮಕ್ಕಳೊಂದಿಗರು ಆಗ್ಬೇಕು. ಆಮೇಲಿಂದು ಆಮೇಲೆ ನೋಡುವ" ಎಂದು ಓರಗಿತ್ತಿ ನನಗೆ ಹೇಳಿಟ್ಟಿದ್ದಳು.

ಅತ್ತಿಗೆ ಬೆಳಗಿನ ಬಸ್ಸಿಗೇ ಬಂದರು. ಮಗಳಿಗೆ ಮೆತ್ತಗಿನ ಹತ್ತಿ ಸೀರೆ ತಂದಿದ್ದರು. ಬಂದವರು ಅಡುಗೆಮನೆಯ ಬಾಗಿಲ ಹತ್ತಿರದ ಕೊನೆಯ ಕುರ್ಚಿ ಹಿಡಿದು ಕೂತರು. ಪಕ್ಕದಲ್ಲಿ ಬೀಗರ ಕಡೆಯ ಹೆಂಗಸು, ಇವರ ಪರಿಚಯವಿಲ್ಲದವರು. ನಾನು ಹೂವಿನ ತಟ್ಟೆ ಹಿಡಿದು ಹಾಯುವಾಗ ಆ ಪ್ರಶ್ನೆ ನನ್ನ ಕಿವಿಗೆ ಬಿತ್ತು.

"ನಿಮಗೆ ಎಷ್ಟು ಮಕ್ಕಳು?"

ನನ್ನ ಕೈಯ ತಟ್ಟೆ ಅಲ್ಲೇ ನಿಂತಿತು.

"ಇಲ್ಲ್ರೀ. ಮುಟ್ಟೂ ನಿಂತೈತೆ, ಇನ್ನು ಆಗಂಗಿಲ್ಲ," ಎಂದರು ಅತ್ತಿಗೆ, ಬಸ್ಸು ಹೋಯಿತು ಎನ್ನುವಷ್ಟು ಸಲೀಸಾಗಿ.

ಆ ಹೆಂಗಸು ಬರೋ ವರ್ಷದ ಆಶೀರ್ವಾದಕ್ಕೆಂದು ಬಾಯಿ ತೆರೆದಿದ್ದರು, ಹಾಗೇ ಮುಚ್ಚಿದರು. ಸ್ವಲ್ಪ ಹೊತ್ತು ಬಳೆ ಸರಿ ಮಾಡಿಕೊಂಡರು. ಆಮೇಲೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, "ಅಲ್ಲಾ, ಅದು ನಿಂತ ಮೇಲೆ ಮಂಡಿ ನೋವು ಬರ್ತದಾ?" ಎಂದರು.

ಮಗಳನ್ನು ಮಣೆಯ ಮೇಲೆ ಕೂರಿಸಿದೆವು. ಸೊರಬದವರು ಇದಕ್ಕೆ ಮಡಿಲು ತುಂಬುವುದು ಎನ್ನುತ್ತಾರೆ, ಶಾಸ್ತ್ರ ಒಂದೇ. ಐದು ಜನ ಆದರು. ಆಮೇಲೆ ಬೀಗರ ಕಡೆಯವರು, ಅಕ್ಕಪಕ್ಕದವರು ಎಲ್ಲರೂ ಆದರು. ಅತ್ತಿಗೆ ಏಳಲಿಲ್ಲ. ಮಂಡಿ ನೋವಿನ ಮಾತೂ ನಿಂತು, ನೆಲ ನೋಡುತ್ತಾ ಕೂತಿದ್ದರು. ಅಂಗಡಿಯಲ್ಲಿ ಗಂಡಸರನ್ನೂ ಗದರುವ ಹೆಂಗಸು ಇವರೇನಾ ಎನಿಸಿತು.

"ಇನ್ಯಾರು ಉಳಿದ್ರು?" ಎಂದು ಓರಗಿತ್ತಿ ತಟ್ಟೆ ಎತ್ತಿಕೊಂಡಳು.

ನಾನು ಹೇಳಬೇಕೆನ್ನುವಷ್ಟರಲ್ಲಿ ಮಗಳು ಮಣೆಯ ಮೇಲಿಂದಲೇ, "ಶಿಕಾರಿಪುರದ ಅತ್ತೆ ಉಳಿದಿದಾರೆ" ಎಂದಳು.

ಓರಗಿತ್ತಿ ತಾನೇ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲವರೆಗೂ ನಡೆದು ಹೋಗಿ, "ಬನ್ನಿ ಅಕ್ಕ" ಎಂದಳು. ಅವಳ ಬಗ್ಗೆ ನಾನು ಅಂದುಕೊಂಡಿದ್ದಕ್ಕೆಲ್ಲ ಅಲ್ಲೇ ಮಾಫಿ.

ಅತ್ತಿಗೆ ಬಂದರು. ಅರಿಶಿನ ಕುಂಕುಮ ಹಚ್ಚಿದರು. ಅಕ್ಕಿ ಹಾಕುವಾಗ ಅರ್ಧ ಅಕ್ಕಿ ನೆಲಕ್ಕೇ ಬಿತ್ತು. ತೆಂಗಿನಕಾಯಿ, ರವಿಕೆ ಕಣ, ಬಾಳೆಹಣ್ಣು ಇಟ್ಟರು. ಶಾಸ್ತ್ರ ಮುಗಿಯಿತು. ಇನ್ನು ಪಕ್ಕಕ್ಕೆ ಸರಿಯಬೇಕು, ಅವರು ಸರಿಯಲಿಲ್ಲ.

"ಮಗಾ, ಒಂದ್ಸಲ ಕೈ ಇಟ್ಟು ನೋಡ್ಲೇನೇ?" ಎಂದರು. ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳದಷ್ಟು ಮೆಲ್ಲಗೆ.

ಮಗಳು ಮಡಿಲಿನ ಕಾಯಿ, ಹಣ್ಣು ಎಲ್ಲ ಒಂದು ಕಡೆಗೆ ಸರಿಸಿ, ಅವರ ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಅತ್ತಿಗೆ ಎಷ್ಟೋ ಹೊತ್ತು ಹಾಗೇ ಬಗ್ಗಿ ನಿಂತಿದ್ದರು. ಆಮೇಲೆ ಕೈ ತೆಗೆಯದೆ ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು.

"ಹೊಟ್ಟೆ ಇಷ್ಟು ಗಟ್ಟಿ ಇರ್ತೈತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣವ್ವಾ," ಎಂದರು.