ಹುಳುಮನೆಯ ಬೆಕ್ಕಿಗೆ ಏನು ಕಲಸಿಡುವುದು

ಇನ್ನೊಬ್ಬರ ಬಾಯಿಗೆ ಏನು ರುಚಿಸುತ್ತದೆಂದು ನನಗೆ ಗೊತ್ತು ಎನ್ನುವ ಗಂಡಸನ್ನು ನಂಬಬೇಡಿ. ಅಂಥವನು ಸಾಮಾನ್ಯವಾಗಿ ಒಲೆಯ ಮುಂದೆ ಒಂದು ಗಳಿಗೆಯೂ ಕೂತವನಲ್ಲ. ಧೈರ್ಯವಾಗಿ ಹೇಳುತ್ತೇನೆ, ಏಕೆಂದರೆ ನಾನೂ ಅಂಥವನೇ. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಸಾಕಿ ನೇಗಿಲು ಹಿಡಿದೆ. ಆಮೇಲೆ ಬಾವಿ ತೋಡಿದ್ದೇನೆ, ಗೋಡೆ ಎಬ್ಬಿಸಿದ್ದೇನೆ, ಕೆಟ್ಟ ಪಂಪ್‌ಸೆಟ್ಟನ್ನು ಬಿಚ್ಚಿ ಜೋಡಿಸಿದ್ದೇನೆ. ಜೋಡಿಸಿದ ಮೇಲೆ ಎರಡು ನಟ್ಟು ಮಿಕ್ಕಿದ್ದವು, ಆದರೂ ಅದು ಓಡಿತು. ತಾಲ್ಲೂಕು ಕಚೇರಿಯ ಗುಮಾಸ್ತರಿಗೆ ಅವರೇ ಬರೆದ ಕಾಗದವನ್ನು ಓದಿ ಅರ್ಥ ಹೇಳಿ ಬಂದವನು ನಾನು. ಇಷ್ಟೆಲ್ಲ ಮಾಡಿದವನಿಗೆ ಒಂದು ಬೆಕ್ಕಿಗೆ ಊಟ ಕಲಸಿಡುವುದು ಯಾವ ಮಹಾ ಕೆಲಸ ಎಂದುಕೊಂಡೆ. ಆ ಒಂದು ತಿಂಗಳಲ್ಲಿ ಕಳೆದುಕೊಂಡ ಮರ್ಯಾದೆಯನ್ನು ಇನ್ನೂ ಪೂರ್ತಿ ವಾಪಸು ತಂದುಕೊಂಡಿಲ್ಲ.

ನಮ್ಮದು ಮಳವಳ್ಳಿಗೆ ಮೂರು ಮೈಲಿ ದೂರದ ಊರು. ಹಿಪ್ಪುನೇರಳೆ ಹಾಕಿ ರೇಷ್ಮೆಹುಳ ಮೇಯಿಸುತ್ತಿದ್ದೆ. ಅದಕ್ಕಾಗಿಯೇ ಮನೆಯ ಪಕ್ಕದಲ್ಲಿ ಒಂದು ಹುಳುಮನೆ, ಒಳಗೆ ಮೆಟ್ಟಿಲು ಮೆಟ್ಟಿಲಾಗಿ ಬಿದಿರು ತಟ್ಟೆಗಳು. ಹಿಂದಿನ ಬೆಳೆಯಲ್ಲಿ ಹುಳ ಬೆರಳುದ್ದ ಬೆಳೆದ ಹೊತ್ತಿಗೆ ಸರಿಯಾಗಿ ಇಲಿಗಳು ನುಗ್ಗಿ ಕಾಲುಭಾಗ ತಿಂದುಹಾಕಿದವು. ಆಗ ಅವ್ವ ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ತೀರ್ಪು ಕೊಟ್ಟಳು: “ಇನ್ನೊಂದು ಬೆಳೆ ನೋಡ್ತೀನಿ ಕಣ್ಲಾ ಮಗ. ಅದೂ ಇಲಿ ಪಾಲಾದ್ರೆ ಇಪ್ಪುನೇರಳೆ ಕಿತ್ತಾಕು. ಕಬ್ಬು ಆಕೋದೇ.” ಆ ತೋಟದ ಒಂದೊಂದು ಕಡ್ಡಿಯನ್ನೂ ನೆಟ್ಟವನು ನಾನು. ಕಬ್ಬು ಹಾಕಿದರೆ ಊರಲ್ಲಿ ಹತ್ತರಲ್ಲಿ ಹನ್ನೊಂದನೆಯವನಾಗುತ್ತೇನೆ. ಹುಳ ಮೇಯಿಸಿದರೆ ನಾನೊಬ್ಬನೇ. ಆದ್ದರಿಂದ ಬೆಕ್ಕು ತರಲೇಬೇಕಾಯಿತು.

ಆದರೆ ಯಾವ ಬೆಕ್ಕು? ಇಲ್ಲಿ ಒಂದು ತೊಡಕಿತ್ತು. ನಮ್ಮ ಮನೆಯಲ್ಲಿ ಹುಳದ ಮೊಟ್ಟೆ ಬಂದ ದಿನದಿಂದ ಗೂಡು ಬಿಡಿಸುವ ದಿನದವರೆಗೆ, ಹೆಚ್ಚುಕಡಿಮೆ ಒಂದು ತಿಂಗಳು, ಮೀನು ಮಾಂಸ ಒಲೆ ಹತ್ತುವಂತಿಲ್ಲ. ಆ ವಾಸನೆ ಹುಳಕ್ಕೆ ಆಗಿಬರುವುದಿಲ್ಲ ಎಂದು ಅವ್ವನ ಶಾಸನ. ಮೀನು ಮುಟ್ಟಿದವರು ತಲೆಗೆ ನೀರು ಹಾಕಿಕೊಳ್ಳದೆ ಹುಳುಮನೆಯ ಬಾಗಿಲು ಮುಟ್ಟಬಾರದು. ಹೀಗಿರುವಾಗ ಮೀನಿನ ತಲೆಗೆ ಬಾಯಿ ಬಿಡುವ ಊರ ಬೆಕ್ಕನ್ನು ಒಳಗೆ ಬಿಟ್ಟುಕೊಳ್ಳುವುದು ಹೇಗೆ? ನಾನು ತಲೆ ಓಡಿಸಿದೆ. ಮಳವಳ್ಳಿಯಲ್ಲಿ ನನಗೆ ಪರಿಚಯದ ಅರ್ಚಕರೊಬ್ಬರಿದ್ದರು. ಅವರ ಮನೆಯಲ್ಲಿ ಬೂದುಬಣ್ಣದ ಒಂದು ಹೆಣ್ಣು ಬೆಕ್ಕು, ಹೆಸರು ಗೌರಿ. ಹುಟ್ಟಿದಾಗಿನಿಂದ ಮೀನಿನ ಮುಳ್ಳನ್ನೇ ಕಾಣದ ಬೆಕ್ಕು! ಹುಳುಮನೆಗೆ ಇದಕ್ಕಿಂತ ಮಡಿಯವಳು ಎಲ್ಲಿ ಸಿಕ್ಕಾಳು? ಮನುಷ್ಯರನ್ನು ಕುಲ ನೋಡಿ ಅಳೆಯುವುದು ತಪ್ಪು ಎಂದು ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಬುದ್ಧಿ ಹೇಳಿದವನು, ಬೆಕ್ಕನ್ನು ಕುಲ ನೋಡಿ ಆರಿಸಿದೆ.

ಅರ್ಚಕರ ಹೆಂಡತಿ ನನ್ನ ಮಾತು ಮುಗಿಯುವ ಮುಂಚೆಯೇ ಚೀಲ ತಂದರು. “ಧಾರಾಳವಾಗಿ ತೊಗೊಂಡು ಹೋಗಿ ಗೌಡ್ರೇ. ಹಾಲನ್ನ, ಮೊಸರನ್ನ ಬಿಟ್ಟು ಇನ್ನೊಂದನ್ನ ಮೂಸಿ ನೋಡಿದವಳಲ್ಲ ನಮ್ಮ ಗೌರಿ” ಎಂದರು. ಇಷ್ಟು ಗುಣವಂತೆಯನ್ನು ಇಷ್ಟು ಬೇಗ ಯಾಕೆ ಕೊಟ್ಟು ಕಳಿಸುತ್ತಿದ್ದಾರೆ ಎಂದು ಯೋಚಿಸಲು ನನಗೆ ಪುರುಸೊತ್ತಾಗಲಿಲ್ಲ, ಬಸ್ಸು ಬಂದುಬಿಟ್ಟಿತ್ತು. ಬಸ್ಸಿನಲ್ಲಿ ಚೀಲ ಅಳಲು ಶುರುಮಾಡಿತು. ಕಂಡಕ್ಟರು ಬಂದು, “ಏನ್ ಗೌಡ್ರೆ, ನಿಮ್ ಚೀಲಕ್ಕೆ ಒಟ್ಟೆ ನೋವಾ?” ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಮಾತ್ರ ಕಿಟಕಿಯ ಆಚೆ ಗಂಭೀರವಾಗಿ ಗದ್ದೆ ನೋಡುತ್ತಾ ಕೂತೆ.

ಮನೆಗೆ ಬಂದರೆ ಹೆಂಡತಿ ಜಯಮ್ಮ ಬಾಗಿಲಲ್ಲೇ ಕೈ ಎತ್ತಿಬಿಟ್ಟಳು. “ನೋಡಿ, ಹುಳಕ್ಕೆ ದಿನಕ್ಕೆ ನಾಕು ಸಲ ಸೊಪ್ಪು ಆಕ್ತೀನಿ, ಎಮ್ಮೆಗೆ ಹುಲ್ಲು ಆಕ್ತೀನಿ, ನಿಮಗೂ ಇಕ್ತೀನಿ. ಇದನ್ನ ಮಾತ್ರ ನನ್ ತಲೆಗೆ ಕಟ್ಬೇಡಿ. ತಂದೋರು ನೀವು, ಕಲಸಿ ಇಕ್ಕೋರೂ ನೀವೇ.” ಹುಳ, ಎಮ್ಮೆ ಆದಮೇಲೆ ನನ್ನ ಹೆಸರು ಬಂದದ್ದನ್ನು ಗಮನಿಸಿದೆ, ಆದರೆ ಮಾತು ಬೆಳೆಸಲಿಲ್ಲ. “ಅದೇನ್ ಬಿಡು, ನಾನೇ ಇಕ್ತೀನಿ” ಎಂದೆ.

ಮೊದಲ ದಿನ ರಾಗಿಮುದ್ದೆ ಮುರಿದು ಹಾಲಿಗೆ ಹಾಕಿ ಕಿವುಚಿ ಇಟ್ಟೆ. ನಮ್ಮ ತಾತ ಅದನ್ನು ತಿಂದೇ ತೊಂಬತ್ತು ವರ್ಷ ಬಾಳಿದ. ಗೌರಿ ಸುತ್ತಲಿನ ಹಾಲನ್ನೆಲ್ಲ ನೆಕ್ಕಿ, ಮುದ್ದೆಯನ್ನು ಬತ್ತಿದ ಕೆರೆಯ ನಡುವಿನ ಬಂಡೆಯ ಹಾಗೆ ಬಿಟ್ಟು, ಮುಂಗಾಲು ಕೊಡವಿಕೊಂಡು ಹೋದಳು. ಮಂಡ್ಯ ಸೀಮೆಯ ನೆಲದಲ್ಲಿ ನಿಂತು ರಾಗಿಯನ್ನು ಹಾಗೆ ನೋಡಿದ ಜೀವ ಅದೊಂದೇ ಇರಬೇಕು. ಎರಡನೇ ದಿನ ಹಾಲನ್ನ. ನಮ್ಮದು ದಪ್ಪಕ್ಕಿ, ಅವಳು ಮೂಸಿ ನೋಡಿ ನನ್ನ ಮುಖ ನೋಡಿದಳು. ಜಯಮ್ಮ ನೆಂಟರಿಗೆಂದು ಎತ್ತಿಟ್ಟಿದ್ದ ಸಣ್ಣಕ್ಕಿಯನ್ನು ಕದ್ದು ಬೇಯಿಸಿ, ತುಪ್ಪ ಬೆರೆಸಿ ಕಲಸಿದೆ. ತಿಂದಳು. ತಿಂದು, ಸೊಪ್ಪಿನ ಮಂಕರಿಯಲ್ಲಿ ಸಾಯಂಕಾಲದವರೆಗೆ ನಿದ್ದೆ ಮಾಡಿದಳು. ಆಗ ಅರ್ಥವಾಯಿತು: ಹೊಟ್ಟೆ ತುಂಬಿದರೆ ಇಲಿ ಹಿಡಿಯುವುದಿಲ್ಲ, ತುಂಬದಿದ್ದರೆ ಮನೆಯಲ್ಲಿ ನಿಲ್ಲುವುದಿಲ್ಲ. ಈ ಎರಡರ ನಡುವೆ ಎಷ್ಟು ಹಿಡಿ ಅನ್ನ ಎಂಬುದು ಯಾವ ಗಣಿತದ ಮೇಷ್ಟ್ರಿಗೂ ಗೊತ್ತಿರಲಿಕ್ಕಿಲ್ಲ.

ಮೇಷ್ಟ್ರು ಅಂದಾಗ ನೆನಪಾಯಿತು. ಜಯಮ್ಮನ ತಮ್ಮ ಶಿವಣ್ಣ ಮದ್ದೂರಿನಲ್ಲಿ ಸ್ಕೂಲ್ ಮೇಷ್ಟ್ರು. ಭಾನುವಾರ ಬಂದರೆ ಉಪದೇಶ ಮಾಡದೆ ಹೋಗುವವನಲ್ಲ. ನಾನು ಕುಕ್ಕರುಗಾಲಲ್ಲಿ ಕೂತು ಉಪ್ಪುಸಾರಿನಲ್ಲಿ ಅನ್ನ ಕಲಸಿ ಬೆಕ್ಕಿನ ಮುಂದೆ ಹಿಡಿದಿದ್ದೆ. ಅವನು ಕನ್ನಡಕ ಸರಿಮಾಡಿಕೊಂಡ.

“ಬಾವ, ಬೆಕ್ಕು ಸಾರು ತಿನ್ನೋ ಪ್ರಾಣಿ ಅಲ್ಲ. ಅದಕ್ಕೆ ಜೀವದ ಪದಾರ್ಥ ಬೇಕು. ಹಸೀದಾಗಿರಬೇಕು, ಮೆತ್ತಗಿರಬೇಕು, ನೀರಿನಂಶ ಇರಬೇಕು. ಪುಸ್ತಕದಲ್ಲಿ ಓದಿದ್ದೀನಿ. ಪರದೇಶದಲ್ಲಿ ಬೆಕ್ಕಿನ ಊಟಾನ ಡಬ್ಬಿಯಲ್ಲಿ ಹಾಕಿ ಅಂಗಡಿಯಲ್ಲಿ ಮಾರ್ತಾರೆ ಗೊತ್ತಾ?”

“ಡಬ್ಬೀಲಾ?”

“ಡಬ್ಬೀಲಿ. ಮುಚ್ಚಳ ತೆಗೆದರೆ ಸಾಕು, ಮೆತ್ತಗೆ ರಸ ಸಮೇತ ಇರ್ತದೆ. ಒಂದರಲ್ಲಿ ಮೀನು, ಒಂದರಲ್ಲಿ ಕೋಳಿ. ಯಾವುದು ಬೇಕೋ ಆರಿಸ್ಕೋಬೋದು.”

ಆ ವಾರವೇ ನಾನು ಸೊಸೈಟಿಯ ಮುಂದೆ ಕಾರ್ಡು ಹಿಡಿದು ಅರ್ಧ ದಿನ ನಿಂತು, ಸಕ್ಕರೆ ಮುಗಿದುಹೋಯಿತು ಅನ್ನಿಸಿಕೊಂಡು ಬಂದಿದ್ದೆ. ಮಂಡ್ಯ ಜಿಲ್ಲೆಯಲ್ಲಿ, ಕಬ್ಬಿನ ನಡುವೆ, ಸಕ್ಕರೆ ಇಲ್ಲ! ಅಲ್ಲಿ ನೋಡಿದರೆ ಬೆಕ್ಕು ಅಂಗಡಿಯಲ್ಲಿ ಮೀನೋ ಕೋಳಿಯೋ ಎಂದು ಯೋಚಿಸುತ್ತಿದೆಯಂತೆ. “ಹಾಗಾದ್ರೆ ಅಲ್ಲಿ ಬೆಕ್ಕಾಗಿ ಹುಟ್ಟೋದಕ್ಕೆ ಅರ್ಜಿ ಎಲ್ಲಿ ಹಾಕ್ಬೇಕು ಕೇಳಿ ಬಾ” ಎಂದೆ. “ನಿನ್ನ ಪುಸ್ತಕ ನಿನ್ನ ಇಸ್ಕೂಲಿಗೆ ಇರಲಿ ಕಣೋ. ಈ ಕೈ ಕಲಸಿದ್ದನ್ನ ಒಂದಲ್ಲ ಒಂದು ದಿನ ಈ ಬೆಕ್ಕು ತಿನ್ನದಿದ್ರೆ ಕೇಳು.”

ಹಾಗೆಂದೆನೇ ಹೊರತು ಅವನ ಮಾತು ಕಿವಿಯಲ್ಲಿ ಕೂತುಬಿಟ್ಟಿತು. ಹಸಿ, ಮೆತ್ತಗೆ, ನೀರಿನಂಶ. ಅಷ್ಟರಲ್ಲಿ ಗೌರಿ ತುಪ್ಪದನ್ನವನ್ನೂ ಮುಟ್ಟುವುದನ್ನು ಬಿಟ್ಟಿದ್ದಳು. ಶುಕ್ರವಾರ ಮಳವಳ್ಳಿ ಸಂತೆಗೆ ಹೋದೆ. ಮುತ್ತತ್ತಿ ಕಡೆಯಿಂದ ಹೊಳೆಮೀನು ತಂದು ಮಾರುವವನೊಬ್ಬ ಮೂಲೆಯಲ್ಲಿ ಕೂತಿದ್ದ. ಸುತ್ತ ನೋಡಿ, ಕಳ್ಳನ ಹಾಗೆ ಒಂದು ಹಿಡಿ ಸಣ್ಣ ಮೀನು ಕೊಂಡು, ಮುತ್ತುಗದ ಎಲೆಯಲ್ಲಿ ಸುತ್ತಿ, ಮನೆಗೆ ಹೋಗದೆ ನೇರ ತೋಟದ ಪಂಪ್‌ಸೆಟ್ಟಿನ ಕೋಣೆಗೆ ಹೋದೆ. ಮೂರು ಕಲ್ಲಿಟ್ಟು, ಹಳೇ ಬಾಣಲೆಯಲ್ಲಿ ಬೇಯಿಸಿ, ಮುಳ್ಳು ಬಿಡಿಸಿ, ಅನ್ನಕ್ಕೆ ಕಲಸಿದೆ. ಹೆತ್ತ ಮಕ್ಕಳಿಗೂ ಒಂದು ದಿನ ಮುಳ್ಳು ಬಿಡಿಸಿ ಕೊಟ್ಟವನಲ್ಲ ನಾನು. ಗೌರಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೋಗಿ ಮುಂದೆ ಇಟ್ಟರೆ, ಅವಳು ಒಂದು ಸಲ ಮೂಸಿ, ಬಾಲ ನೆಟ್ಟಗೆ ಮಾಡಿಕೊಂಡು ಹೊರಟೇಹೋದಳು.

ಮುಂದಿನದನ್ನು ಹೇಳುವುದಕ್ಕೆ ನಾಚಿಕೆಯಾಗುತ್ತದೆ. ಇಪ್ಪತ್ತು ದಿನದಿಂದ ಸೊಪ್ಪುಸಾರು, ಕಾಳುಸಾರು. ಎದುರಿಗೆ ಬಿಸಿ ಮೀನು. ನಾನು ತಿಂದೆ. ಬೆಕ್ಕಿಗೆ ಕಲಸಿದ ಅನ್ನವನ್ನೂ ಬಿಡದೆ ತಿಂದೆ. ಉಪ್ಪು ಹಾಕಿರಲಿಲ್ಲ, ಆದರೂ ತಿಂದೆ. ಬಾವಿಯಲ್ಲಿ ಬಾಯಿ ಮುಕ್ಕಳಿಸಿ ಮನೆಗೆ ಬಂದರೆ ಅವ್ವ ಹುಳುಮನೆಯ ಬಾಗಿಲಿಗೆ ಅಡ್ಡ ನಿಂತಿದ್ದಳು.

“ಬಾಯ್ ತೆಗಿ.”

“ಅವ್ವ, ನನಗೆ ನಲವತ್ತೆರಡು ವರ್ಷ.”

“ನಲವತ್ತೆಲ್ಡು ವರ್ಷದ್ ಬಾಯ್ ತೆಗಿ ಅಂದೆ.”

ಕಚೇರಿಯ ಗುಮಾಸ್ತರನ್ನು ನಡುಗಿಸಿದ ಬಾಯಿ ತೆರೆಯಿತು. ಆಮೇಲೆ ಕೊಟ್ಟಿಗೆಯ ಪಕ್ಕದಲ್ಲಿ ತಲೆಯ ಮೇಲೆ ನಾಲ್ಕು ಕೊಡ ತಣ್ಣೀರು. ಜಯಮ್ಮ ಸುರಿದಳು, ನಾನು ಎಣಿಸಿಕೊಂಡು ನಾಲ್ಕು ಸಾಕು ಅಂದರೆ ಐದನೆಯದನ್ನು ತನ್ನ ಲೆಕ್ಕಕ್ಕೆ ಸುರಿದಳು.

ಇದರ ನಡುವೆ ಒಂದು ಸಂಗತಿ ನನಗೆ ಸಮಾಧಾನ ಕೊಟ್ಟಿತ್ತು. ಇಟ್ಟ ಊಟವನ್ನು ಮುಟ್ಟದಿದ್ದರೂ ಗೌರಿ ದಿನದಿಂದ ದಿನಕ್ಕೆ ಗುಂಡಗಾಗುತ್ತಿದ್ದಳು, ಮೈ ಮಿರಮಿರ ಹೊಳೆಯುತ್ತಿತ್ತು. ಅಂದರೆ ಏನು? ಇಲಿಗಳನ್ನು ಹಿಡಿದು ತಿನ್ನುತ್ತಿದ್ದಾಳೆ! ಬಾಲವಿರಲಿ, ಒಂದು ರೋಮವನ್ನೂ ಉಳಿಸುತ್ತಿಲ್ಲ. ಇದನ್ನೂ ನಾನು ಅರ್ಚಕರ ಮನೆಯ ಅಚ್ಚುಕಟ್ಟು ಎಂದೇ ತಿಳಿದೆ. ಟೀ ಅಂಗಡಿಯಲ್ಲಿ ಬೆಂಚಿನ ಮೇಲೆ ಕಾಲು ಚಾಚಿ, “ಬೆಕ್ಕನ್ನ ಅನ್ನ ಹಾಕಿ ಕೆಡಿಸಬಾರದು ಕಣ್ರಯ್ಯ. ಹಿಡಿತ ಗೊತ್ತಿರಬೇಕು” ಎಂದೆಲ್ಲ ಭಾಷಣ ಮಾಡಿದೆ. ಇಬ್ಬರು ಮರಿ ಬೇಕೆಂದು ಹೆಸರು ಹೇಳಿಟ್ಟರು. ತಟ್ಟೆಗಳಲ್ಲಿ ಹುಳ ಸ್ವಲ್ಪ ತೆಳುವಾಗಿದೆಯಲ್ಲ ಎಂದು ಜಯಮ್ಮ ಎರಡು ಸಲ ಅಂದಳು. ಅವ್ವ ಅದಕ್ಕೆ ನನ್ನ ಮೀನೇ ಕಾರಣ ಎಂದಳು. ನಾನು ಇಬ್ಬರಿಗೂ ಕಣ್ಣು ಮಂಜು ಎಂದೆ.

ಒಂದು ಬೆಳಿಗ್ಗೆ ಮೊದಲ ಸೊಪ್ಪಿನ ಮಂಕರಿ ಹೊತ್ತು ಹುಳುಮನೆಯ ಬಾಗಿಲು ತಳ್ಳಿದೆ. ಗೌರಿ ಕೆಳಗಿನ ತಟ್ಟೆಯ ಪಕ್ಕದಲ್ಲಿ ಕೂತಿದ್ದಳು. ಸಂತೆಯಲ್ಲಿ ಬದನೆಕಾಯಿ ಆರಿಸುವ ಹೆಂಗಸಿನ ಹಾಗೆ, ಮುಂಗಾಲಿನಿಂದ ಒಂದು ಹುಳವನ್ನು ಹೊರಳಿಸಿ, ಸಣ್ಣದೆನಿಸಿದರೆ ಬಿಟ್ಟು, ದಪ್ಪನೆಯದನ್ನು ಎಳೆದುಕೊಂಡು, ಕಣ್ಣು ಮುಚ್ಚಿ ತಿನ್ನುತ್ತಿದ್ದಳು. ಹಸಿ, ಮೆತ್ತಗೆ, ನೀರಿನಂಶ. ನಾನು ಸಂತೆ, ಹೊಳೆ, ಅಡಿಗೆಮನೆ ಎಲ್ಲ ಜಾಲಾಡಿ ಹುಡುಕಿದ ಊಟವನ್ನು ದಿನಕ್ಕೆ ನಾಲ್ಕು ಸಲ ನಾನೇ ಸೊಪ್ಪು ಹೊತ್ತು ತಂದು ಅವಳಿಗಾಗಿ ಕೊಬ್ಬಿಸುತ್ತಿದ್ದೆ. ತಲೆ ಎತ್ತಿದರೆ ಮೇಲಿನ ತಟ್ಟೆಯಲ್ಲಿ ಒಂದು ಇಲಿ! ಅದೂ ತನ್ನ ಪಾಡಿಗೆ ತಿನ್ನುತ್ತಿತ್ತು. ಮೇಲಿನದು ಅವನಿಗೆ, ಕೆಳಗಿನದು ಇವಳಿಗೆ. ಅಣ್ಣತಮ್ಮಂದಿರೂ ಇಷ್ಟು ಜಗಳವಿಲ್ಲದೆ ಪಾಲು ಮಾಡಿಕೊಂಡದ್ದನ್ನು ನಾನು ನೋಡಿಲ್ಲ.

ನನ್ನ ಕೂಗಿಗೆ ಮನೆಯವರೆಲ್ಲ ಓಡಿಬಂದರು. ಅವ್ವ ಬೆಕ್ಕನ್ನೂ ತಟ್ಟೆಯನ್ನೂ ನೋಡಿದಳು. “ಮೀನಲ್ಲ, ಮಾಂಸ ಅಲ್ಲ. ಬರೀ ಸೊಪ್ಪು ತಿಂದ್ ಹುಳ. ಅಯ್ನೋರ ಮನೆ ಬೆಕ್ಕು ನೇಮ ಕೆಡಿಸ್ಕಂಡಿಲ್ಲ ಬುಡು. ಕೆಡಿಸ್ಕಂಡೋನು ನೀನೊಬ್ನೇ” ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, ತೋಟದ ಕಡೆ ಮುಖ ಮಾಡಿ, “ಕಬ್ಬಿನ ಬಿತ್ತನೆ ಯಾರತ್ರ ಕೇಳ್ಲಿ?” ಎಂದಳು.

ಹುಳ ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟಿಗೆ ಹತ್ತುವುದಕ್ಕೆ ಇನ್ನು ನಾಲ್ಕು ದಿನವಿತ್ತು. ಗೌರಿಯನ್ನು ಅದೇ ಚೀಲದಲ್ಲಿ ಕಟ್ಟಿ ಮದ್ದೂರಿಗೆ, ಮೇಷ್ಟ್ರ ಮನೆಗೆ ಕಳಿಸಿದೆ. ಅವರ ಮನೆಯಲ್ಲಿ ಪುಸ್ತಕವೂ ಇತ್ತು, ಮೀನೂ ಇತ್ತು. ನಾನು ಒಂದು ಚಾಪೆ, ಒಂದು ಬಿದಿರುಕೋಲು ತೆಗೆದುಕೊಂಡು ಹುಳುಮನೆಯೊಳಗೆ ಕೂತೆ. ಬಾಗಿಲಿಗೆ ಬೆನ್ನು ಕೊಟ್ಟು, ಕಿವಿ ನೆಟ್ಟಗೆ ಮಾಡಿಕೊಂಡು, ಮೂಲೆಯಲ್ಲಿ ಕರಕ್ ಎಂದರೆ ಅತ್ತ ನೆಗೆದು, ತೊಲೆಯ ಮೇಲೆ ಸರಕ್ ಎಂದರೆ ಇತ್ತ ನೆಗೆದು. ಐದು ಇಲಿ ಹೊಡೆದೆ. ಜಯಮ್ಮ ಹೊತ್ತುಹೊತ್ತಿಗೆ ಊಟವನ್ನು ಬಾಗಿಲ ಸಂದಿಯಿಂದ ಒಳಗೆ ತಳ್ಳುತ್ತಿದ್ದಳು. ಐದನೇ ದಿನ ಹುಳಗಳು ಚಂದ್ರಿಕೆ ಹತ್ತಿದವು, ಮೂರು ದಿನಕ್ಕೆ ಗೂಡು ಹಳದಿಯಾಗಿ ತುಂಬಿಕೊಂಡವು. ಅವ್ವ ಬಂದು ಒಂದೊಂದನ್ನೂ ಬೆರಳಲ್ಲಿ ಒತ್ತಿ ನೋಡಿದಳು. ಕಬ್ಬಿನ ಮಾತೆತ್ತಲಿಲ್ಲ. “ಮುಂದಿನ್ ಬೆಳೆಗೆ ಸೊಪ್ಪು ಸಾಲ್ತದೇನ್ಲಾ?” ಎಂದಷ್ಟೇ ಕೇಳಿ ಹೋದಳು. ಆ ಗಳಿಗೆಯಲ್ಲಿ ಗೂಡು ಕಟ್ಟಿದವನು ನಾನೇ ಎಂಬಂತೆ ಬೀಗಿದೆ.

ಅದೇ ಮಧ್ಯಾಹ್ನ ಶಿವಣ್ಣ ಮೇಷ್ಟ್ರು ಬಂದ. ಗೂಡು ಬಿಡಿಸುವವರೆಗೆ ಇಲಿಯ ಭಯ ಇದ್ದೇ ಇರುತ್ತದೆ, ಹಾಗಾಗಿ ನಾನಿನ್ನೂ ಕಾವಲಲ್ಲೇ ಇದ್ದೆ. ಚಾಪೆಯ ಮೇಲೆ ಕೂತು ಊಟ ಮಾಡುತ್ತಿದ್ದೆ. ಅವನು ಕಿಟಕಿಯ ಸಂದಿಯಿಂದ ನನ್ನನ್ನು ಇಣುಕಿ ನೋಡಿ, ಅಂಗಳದಲ್ಲಿದ್ದ ಜಯಮ್ಮನಿಗೆ ಕೇಳಿದ:

“ಅಕ್ಕ, ಈ ಬೆಕ್ಕು ಪರವಾಗಿಲ್ಲ ಕಣೆ. ಇದಕ್ಕೇನು ಕಲಸಿಕ್ತೀಯಾ?”

“ಏನಿಕ್ಕಿದ್ರೂ ತಿಂತದೆ ಕಣೋ” ಎಂದಳು ಜಯಮ್ಮ. “ಮೊದ್ಲು ಉಪ್ಪು ಕಮ್ಮಿ, ಹುಳಿ ಜಾಸ್ತಿ ಅಂತ ಗುರ್ ಅಂತದೆ. ಆಮ್ಯಾಲೆ ನೆಕ್ಕಿ ಇಡ್ತದೆ.”

ಬಾಯಿ ತುಂಬ ಮುದ್ದೆ ಇತ್ತು. ನುಂಗಿ, ತಕ್ಕ ಉತ್ತರ ಕೊಡೋಣವೆಂದು ಊಟದ ಗಂಗಳವನ್ನು ಠಣ್ಣೆಂದು ಕೆಳಗಿಟ್ಟೆ. ಇಟ್ಟಮೇಲೆ ಒಮ್ಮೆ ನೋಡಿದೆ. ಅದರಲ್ಲಿ ನನ್ನ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು.