ಸೆಂಟ್ರಿಫ್ಯೂಜಿಗೆ ಕುಂಕುಮ

ನಮ್ಮ ಲ್ಯಾಬಿನ ಪ್ರೊಫೆಸರರಿಗೆ ಒಂದು ಅಭ್ಯಾಸವಿತ್ತು. "ಹೌದು" ಎನ್ನಬೇಕಾದ ಕಡೆ ಅವರು ಬಾಯಿ ಬಿಡುತ್ತಿರಲಿಲ್ಲ. ತುಟಿ ಚೂಪು ಮಾಡಿ "ಶುಪ್" ಎಂದು ಉಸಿರು ಒಳಗೆಳೆದುಕೊಳ್ಳುತ್ತಿದ್ದರು, ಬಿಸಿ ಸಾರು ಹೀರಿದ ಹಾಗೆ. ಸ್ವೀಡನ್ನಿನ ಉತ್ತರದ ಕಡೆಯವರು ಹಾಗೇ ಅಂತೆ. ಅದು ಗೊತ್ತಿಲ್ಲದ ನಾನು ಮೊದಲ ದಿನ "ಒಳಗೆ ಬರಬಹುದಾ ಸರ್" ಎಂದು ಕೇಳಿದೆ. ಶುಪ್ ಎಂದರು. ಪಾಪ, ಕಾಫಿಯಲ್ಲಿ ನಾಲಿಗೆ ಸುಟ್ಟುಕೊಂಡಿರಬೇಕು, ಸುಧಾರಿಸಿಕೊಳ್ಳಲಿ ಎಂದು ಬಾಗಿಲಲ್ಲೇ ಕಾದೆ. ಅವರು ನಾನು ಬರಲಿ ಎಂದು ಕಾದರು.

ಆ ಲ್ಯಾಬಿನಲ್ಲಿ ನನಗೆ ದಿನಾ ಇಂಥದ್ದೇ ಏನಾದರೊಂದು ಆಗುತ್ತಿತ್ತು.

ಎರಡು ಸಾವಿರದ ದಶಕದ ಮಧ್ಯದ ಮಾತು. ಅಪ್ಪನಿಗೆ ಸ್ವೀಡನ್ನಿನ ವೆಸ್ಟೆರಾಸ್ ಊರಿನಲ್ಲಿ ಎಂಜಿನಿಯರ್ ಕೆಲಸ. ಬೆಂಗಳೂರಿನ ಕಾನ್ವೆಂಟ್ ಮುಗಿಸಿ ಬಂದಿದ್ದ ನಾನು ಪಕ್ಕದ ಊರಿನ ಯೂನಿವರ್ಸಿಟಿಗೆ ರೈಲಿನಲ್ಲಿ ಓಡಾಡುತ್ತಾ ಬಯೋಮೆಡಿಸಿನ್ ಓದುತ್ತಿದ್ದೆ, ಮನಸ್ಸೆಲ್ಲ ಮೆಡಿಕಲ್ ಸೀಟಿನ ಮೇಲೆ. ನಾನು ಕಣ್ಣಿಟ್ಟಿದ್ದ ಸೀಟಿಗೆ ಸಂದರ್ಶನವಿತ್ತು. ವರ್ಷವಿಡೀ ಸಂಶೋಧನೆಯಲ್ಲಿ ಕೈಯಾಡಿಸಿದವರಿಗೆ ಅಲ್ಲಿ ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು. ನನಗೆ ಲ್ಯಾಬಿನಲ್ಲಿ ಜಾಗ ಸಿಕ್ಕದ್ದು ಕ್ರಿಸ್‌ಮಸ್‌ವರೆಗೆ ಮಾತ್ರ.

"ಆಮೇಲೂ ಇರ್ಬೇಕು ಅಂದ್ರೆ ನೀನೇ ಅವರನ್ನ ಕೇಳ್ಬೇಕು," ಎಂದಳು ಪಕ್ಕದ ಬೆಂಚಿನ ಪಿಎಚ್‌ಡಿ ಹುಡುಗಿ. "ಇಲ್ಲಿ ಯಾರೂ ತಾವಾಗಿ ಕರೆದು ಕೊಡಲ್ಲ."

ಕೇಳುವುದು. ಕಾನ್ವೆಂಟಿನಲ್ಲಿ ಕಲಿಸದೆ ಬಿಟ್ಟಿದ್ದ ಒಂದೇ ಪಾಠ.

೧. ಎದ್ದು ನಿಂತದ್ದು

ಸ್ವೀಡನ್ನಿನಲ್ಲಿ ಭೂಮಿ ತಿರುಗುವುದು ನಿಂತರೂ ಫೀಕಾ ಎಂಬ ಕಾಫಿ ಹೊತ್ತು ನಿಲ್ಲುವುದಿಲ್ಲ. ಮೊದಲ ಫೀಕಾಕ್ಕೆ ಎಲ್ಲರ ಜೊತೆ ದಾಲ್ಚಿನ್ನಿ ಬನ್ ಹಿಡಿದು ಕೂತಿದ್ದೆ. ಪ್ರೊಫೆಸರ್ ಒಳಗೆ ಬಂದರು. ಟೀಚರ್ ಬಂದರೆ ಏಳಬೇಕೆಂದು ಪಳಗಿದ ಕಾಲುಗಳು, ನನ್ನನ್ನು ಕೇಳದೆಯೇ ಎದ್ದವು.

"ಹೊರಟೆಯಾ? ಸರಿ, ಆಮೇಲೆ ಸಿಗೋಣ," ಎಂದು ಅವರು ಕೈ ಬೀಸಿದರು. ಉಳಿದವರೂ ಬೀಸಿದರು.

ಇಷ್ಟೊಂದು ಜನ ಬೀಳ್ಕೊಟ್ಟ ಮೇಲೆ ಮತ್ತೆ ಕೂರುವುದು ಹೇಗೆ? ಬನ್ ಬಿಟ್ಟು ಹೊರಟೆ. ಮರುದಿನವೂ ಅದೇ, ಅದರ ಮರುದಿನವೂ ಅದೇ. ಕೊನೆಗೆ ಪ್ರೊಫೆಸರ್ ಆ ಪಿಎಚ್‌ಡಿ ಹುಡುಗಿಯನ್ನು ಪಕ್ಕಕ್ಕೆ ಕರೆದು ಕೇಳಿದರಂತೆ: "ಆ ಮಗುವಿಗೆ ಎಷ್ಟು ಕೆಲಸ ಹೇರಿದ್ದೀಯ ನೀನು? ಕಾಫಿ ಕುಡಿಯೋಕೂ ಬಿಡುವಿಲ್ಲ ಅದಕ್ಕೆ."

೨. ಕಣ್ಣಿಗೊತ್ತಿಕೊಂಡದ್ದು

ಒಂದು ದಿನ ಪ್ರೊಫೆಸರ್ ನನ್ನನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ನೋಡಿದೆ. ಗಾಜಿನ ತಟ್ಟೆಯಲ್ಲಿ ಹೃದಯದ ಜೀವಕೋಶಗಳು. ಸುತ್ತ ದೇಹವಿಲ್ಲ, ರಕ್ತವಿಲ್ಲ, ಯಾರ ಎದೆಯೂ ಅಲ್ಲ. ಆದರೂ ತಮ್ಮ ಪಾಡಿಗೆ ತಾವು ಒಟ್ಟಿಗೆ ಮಿಡಿಯುತ್ತಿದ್ದವು.

"ಎಷ್ಟೋ ವರ್ಷದಿಂದ ನೋಡ್ತಿದೀನಿ," ಎಂದರು ಅವರು ಮೆತ್ತಗೆ. "ಇನ್ನೂ ಅಭ್ಯಾಸ ಆಗಿಲ್ಲ."

ನನಗರಿವಿಲ್ಲದೆ ಮೈಕ್ರೋಸ್ಕೋಪನ್ನು ಮುಟ್ಟಿ ಎರಡೂ ಕಣ್ಣಿಗೊತ್ತಿಕೊಂಡುಬಿಟ್ಟೆ. ಕೈಯಲ್ಲಿ ಗ್ಲೌಸ್ ಇತ್ತು.

ಲ್ಯಾಬಿನಲ್ಲಿ ಗ್ಲೌಸ್ ತೊಟ್ಟ ಕೈ ಕಣ್ಣಿಗೆ ಹೋಯಿತೆಂದರೆ ಅಪಘಾತವೆಂದೇ ಲೆಕ್ಕ. ಪ್ರೊಫೆಸರ್ ನನ್ನ ತೋಳು ಹಿಡಿದು ಎಳೆದುಕೊಂಡು ಹೋಗಿ, ಕಣ್ಣು ತೊಳೆಯುವ ನಲ್ಲಿಯ ಕೆಳಗೆ ತಲೆ ಬಗ್ಗಿಸಿದರು. "ರೆಪ್ಪೆ ಮುಚ್ಚಬೇಡ! ಏನು ತಾಗಿತು?" ಭಕ್ತಿ ಎಂದು ಹೇಳುವುದು ಹೇಗೆ? ಸುಮ್ಮನೆ ತೊಳೆಸಿಕೊಂಡೆ. ದರ್ಶನ ಆದ ಮೇಲೆ ಅಭಿಷೇಕವಾದದ್ದು ಮಾತ್ರ ಭಕ್ತೆಗೆ.

೩. ಅಮ್ಮನ ಪೊಟ್ಟಣ

ಆಯುಧಪೂಜೆ ಬಂತು. "ನಿನ್ನ ಮೆಷೀನಿಗೆ ಒಂದು ಬೊಟ್ಟು ಇಟ್ಟು ಬಾರೇ," ಎಂದು ಅಮ್ಮ ಕುಂಕುಮದ ಪೊಟ್ಟಣ ಕೈಗಿಟ್ಟಳು.

"ಅಮ್ಮಾ, ಅದು ನಂದಲ್ಲ, ಯೂನಿವರ್ಸಿಟೀದು."

"ನಿಮ್ಮಪ್ಪನ ಕಾರೂ ಕಂಪನೀದೇ. ನಿಂಬೆಹಣ್ಣಿನ ಮೇಲೆ ಹತ್ತಿಸಲಿಲ್ವಾ? ನೀನು ನಿಂಬೆಹಣ್ಣು ಬಿಡು, ಬರೀ ಕುಂಕುಮ ಇಡು. ಸೀಟು ಬೇಕೋ ಬೇಡ್ವೋ?"

ನಾನು ಆಗಾಗ ಬಳಸುತ್ತಿದ್ದದ್ದು ರಕ್ತದ ಸ್ಯಾಂಪಲ್ ಗಿರಗಿರ ತಿರುಗಿಸುವ ಸೆಂಟ್ರಿಫ್ಯೂಜ್. ತಿಂಗಳುಗಳಿಂದ ಹಳೇ ಗ್ರೈಂಡರಿನ ಹಾಗೆ ಗಡಗಡ ಅನ್ನುತ್ತಿತ್ತು. ಗುರುವಾರ ಬೆಳಿಗ್ಗೆ ಬೇಗ ಹೋಗಿ, ಪೂಜೆಗೆ ಮುಂಚೆ ಒರೆಸಬೇಕಲ್ಲ ಎಂದು ಒಳಗೆಲ್ಲ ಒರೆಸಿದೆ. ತಳದಲ್ಲಿ ಸಿಕ್ಕಿಕೊಂಡಿದ್ದ ರಬ್ಬರ್ ಚೂರೊಂದನ್ನು ತೆಗೆದು ಬಿಸಾಕಿದೆ. ಮುಚ್ಚಳದ ಹಿಂದೆ, ಯಾರಿಗೂ ಕಾಣದ ಕಡೆ, ಸಣ್ಣ ಬೊಟ್ಟಿಟ್ಟು ಕೈಮುಗಿದೆ.

ಯಾರಿಗೂ ಕಾಣದ ಜಾಗ ಎಂಬುದು ಸ್ವೀಡನ್ನಿನ ಲ್ಯಾಬಿನಲ್ಲಿ ಇಲ್ಲ.

೪. ಕೆಂಪು ಕಲೆ

ಸೋಮವಾರ ಹೋದರೆ ಸೆಂಟ್ರಿಫ್ಯೂಜಿನ ಸುತ್ತ ಹಳದಿ ಟೇಪು. ರಕ್ತ ಚೆಲ್ಲಿದೆ ಎಂಬ ಗುಮಾನಿ. ಬೊಟ್ಟಿನ ಒಂದು ಕಣವನ್ನು ಹತ್ತಿಯಲ್ಲಿ ತೆಗೆದು ಪರೀಕ್ಷೆ ಮಾಡಿಯೂ ಆಗಿತ್ತು. ಎಲ್ಲರನ್ನೂ ಮೆಷೀನಿನ ಮುಂದೆ ಸ್ಟೂಲುಗಳ ಮೇಲೆ ಕೂರಿಸಿ ಪ್ರೊಫೆಸರ್ ಹೇಳಿದರು: "ರಕ್ತ ಅಲ್ಲ. ಯಾವುದೋ ಗಿಡದ ಬೇರಿನ ಪುಡಿ. ಇಲ್ಲಿಗೆ ಹೇಗೆ ಬಂತು, ಯಾರಿಗಾದ್ರೂ ಗೊತ್ತಾ?"

ನಾನು ಎದ್ದು ನಿಂತೆ. ಈ ಸಲ ಯಾರೂ ಕೈ ಬೀಸಲಿಲ್ಲ.

ಸೀಟು ಹೋಯಿತು ಎಂದುಕೊಂಡೇ ಎಲ್ಲ ಹೇಳಿದೆ. ಒರೆಸಿದ್ದು, ರಬ್ಬರು, ಕುಂಕುಮ, ಕೈಮುಗಿದದ್ದು.

"ಗುರುವಾರನಾ?" ಎಂದಳು ಪಿಎಚ್‌ಡಿ ಹುಡುಗಿ. "ಗುರುವಾರದಿಂದ ಅದು ಸದ್ದೇ ಮಾಡ್ತಿಲ್ಲ."

ಎಲ್ಲರೂ ಮೆಷೀನಿನ ಕಡೆ ತಿರುಗಿದರು. ನಗುತ್ತಾರೆಂದು ಕಾದೆ. ಒಬ್ಬರೂ ನಗಲಿಲ್ಲ. "ಎರಡೂ ಒಟ್ಟಿಗೆ ಮಾಡಿದ್ದೀಯ," ಎಂದರು ಪ್ರೊಫೆಸರ್ ಗಂಭೀರವಾಗಿ. "ಸದ್ದು ನಿಂತದ್ದು ರಬ್ಬರ್ ತೆಗೆದಿದ್ದಕ್ಕೋ ಪುಡಿ ಹಚ್ಚಿದ್ದಕ್ಕೋ ಹೇಳೋಕಾಗಲ್ಲ." ನಮ್ಮಮ್ಮನ ಕುಂಕುಮಕ್ಕೆ ಇಷ್ಟು ಮರ್ಯಾದೆ ನಮ್ಮ ಮನೆಯಲ್ಲೂ ಸಿಕ್ಕಿದ್ದಿಲ್ಲ.

ಹೇಗೂ ನಿಂತಿದ್ದೆ, ಹೋಗುವ ಮಾನವೂ ಹೋಗಿಯಾಗಿತ್ತು. ಕೇಳಿಯೇಬಿಟ್ಟೆ. "ಸರ್, ಕ್ರಿಸ್‌ಮಸ್ ಆದ್ಮೇಲೂ ನಾನು ಇಲ್ಲೇ ಇರಬಹುದಾ?"

ನನ್ನ ಕಿವಿಯೆಲ್ಲ ಅವರ ತುಟಿಯ ಮೇಲಿತ್ತು. ಶುಪ್ ಬರಲಿಲ್ಲ. ಅವರು ಮೂಲೆಯಲ್ಲಿ ಗುರುಗುಡುತ್ತಿದ್ದ ದೊಡ್ಡ ಫ್ರೀಜರನ್ನೇ ನೋಡುತ್ತಿದ್ದರು.

"ಈ ಪೂಜೆ ಎಷ್ಟು ದಿನಕ್ಕೊಂದ್ಸಲ?"

"ವರ್ಷಕ್ಕೊಂದೇ ಸಲ, ಸರ್."

"ಹಾಗಾದ್ರೆ ಮುಂದಿನ ವರ್ಷ ಆ ಫ್ರೀಜರಿಗೆ, ಒರೆಸದೆ ಗಿರೆಸದೆ, ಬರೀ ಪುಡಿ ಹಚ್ಚಿ ನೋಡೋಣ," ಎಂದರು. "ನೀನೇ ಹಚ್ತೀಯಾ?"