ಥ್ಯಾಂಕ್ಸ್ ಎಲ್ಲ ಚೈನ್ ಪುಲ್ಲಿಗೆ

ನಮ್ಮ ಓನರ್‌ಗೆ ಮನುಷ್ಯರು ಕಾಣುವುದಿಲ್ಲ. ಕಣ್ಣಿನ ದೋಷ ಅಂದುಕೊಳ್ಳಬೇಡಿ. ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿ ಎಲ್ಲಿ ತುಂಡಾಗಿದೆ ಅಂತ ಅರವತ್ತು ದಾಟಿದ ಮೇಲೂ ಕನ್ನಡಕವಿಲ್ಲದೆ ಹೇಳುತ್ತಾರೆ. ಆ ತಂತಿ ಸುತ್ತಿದವನು ಎದುರಿಗೆ ನಿಂತಿದ್ದರೆ ಮಾತ್ರ ಕಾಣುವುದಿಲ್ಲ. ನಾನು ಆರು ವರ್ಷದಿಂದ ಎದುರಿಗೇ ನಿಂತಿದ್ದೇನೆ.

ಯಲಹಂಕದಲ್ಲಿ ನಮ್ಮದು ಮೋಟಾರ್ ವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟಾರ್ ಸುಟ್ಟುಹೋದರೆ ಮೇಲಕ್ಕೆತ್ತಿ ತಂದು, ಒಳಗಿನ ಹಳೇ ತಂತಿ ಕಿತ್ತು, ಹೊಸದು ಸುತ್ತಿ, ಮತ್ತೆ ಇಳಿಸಿ ಬರುವುದು ಕೆಲಸ. ಇರುವುದು ನಾವಿಬ್ಬರೇ, ಓನರ್ ಮತ್ತು ನಾನು. ಇಬ್ಬರೇ ಅನ್ನುವುದು ನನ್ನ ಲೆಕ್ಕ. ಅವರ ಲೆಕ್ಕದಲ್ಲಿ ಸುತ್ತಿಗೆ, ಇಕ್ಕಳ, ಚೈನ್ ಪುಲ್ಲಿ, ವೈಂಡಿಂಗ್ ಮಿಷನ್ನು, ಪೊರಕೆ ಎಲ್ಲ ಸೇರಿ ನಲವತ್ತು ಜನ ಕೆಲಸಗಾರರು. ಆ ನಲವತ್ತರಲ್ಲಿ ನಾನಿದ್ದೇನೋ ಇಲ್ಲವೋ, ಅದೊಂದೇ ಡೌಟು.

ಬೆಳಿಗ್ಗೆ ಷಟರ್ ಎತ್ತಿದ ತಕ್ಷಣ ಹಾಜರಿ. ಒಂದೊಂದನ್ನೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಬೀದಿ ಕೊನೆಯ ಟ್ರಾನ್ಸ್‌ಫಾರ್ಮರ್‌ಗೂ ಇಲ್ಲಿಂದಲೇ ಕೈ ಮುಗಿಯುತ್ತಾರೆ. ಕರೆಂಟು ಹೋದರೆ ಬೀದಿಯವರೆಲ್ಲ ಬೈಯುತ್ತಾರೆ, ಇವರು, "ಪಾಪ, ದಣ್ದವ್ನೆ. ಸುದಾರಿಸ್ಕೊಂಡು ಬತ್ತಾನೆ ಬುಡು" ಅನ್ನುತ್ತಾರೆ. ನಾನು ದಣಿದು ಕೂತರೆ? "ಏನ್ಲಾ, ಮದುವೆ ಗಂಡು ಕೂತಂಗೆ ಕೂತಿದ್ದೀಯ?"

ಒಂದು ಸಲ ಬೇರಿಂಗ್ ಬಡಿಯುವಾಗ ಸುತ್ತಿಗೆ ಜಾರಿ ನನ್ನ ಹೆಬ್ಬೆರಳ ಮೇಲೆ ಬಿತ್ತು. ರಕ್ತ ಬಂತು. ಓನರ್ ಅರಿಶಿನದ ಡಬ್ಬಿ ಹಿಡಿದು ಓಡಿ ಬಂದರು. ಪರವಾಗಿಲ್ಲ, ಇವರಿಗೂ ಕರುಳಿದೆ ಅಂದುಕೊಂಡೆ. ಬಂದವರು ಸುತ್ತಿಗೆ ಎತ್ತಿಕೊಂಡರು, ತೊಳೆದರು, ಅದಕ್ಕೆ ಅರಿಶಿನ ಹಚ್ಚಿದರು.

"ತಪ್ಪಾಯ್ತಪ್ಪಾ, ನಮ್ಮುಡ್ಗ ಗ್ಯಾನ ಇಲ್ದೆ ಬೆರಳು ಅಡ್ಡ ತಂದ."

"ಅಣ್ಣ, ರಕ್ತ ಬರ್ತಿರೋದು ನಂಗೆ."

"ಕಾಣ್ತದೆ ಕಣ್ಲಾ. ಡಬ್ಬೀಲಿ ಇನ್ನೂ ಐತೆ, ಅಚ್ಕೊ."

ಗಂಗಾನಗರದ ಕಥೆ ಇನ್ನೂ ಚೆಂದ. ಅಲ್ಲಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್ ಮೋಟಾರ್ ಕೆಟ್ಟಿತ್ತು. ಆ ಮೋಟಾರ್ ಎತ್ತಿ, ಸುತ್ತಿ, ವಾಪಸ್ ಇಳಿಸಿದೆವು. ಚೈನ್ ಪುಲ್ಲಿಯ ಸರಪಳಿ ಎಳೆದೆಳೆದು ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ನೀರು ಬಂತು. ಸೆಕ್ರೆಟರಿ ಮೇಡಂ ಖುಷಿಯಾಗಿ ಕಾಫಿ ತಂದುಕೊಟ್ಟು, "ತುಂಬಾ ಥ್ಯಾಂಕ್ಸ್ ಕಣ್ರೀ, ಟ್ಯಾಂಕರ್ ನೀರಲ್ಲಿ ಸ್ನಾನ ಮಾಡಿ ಮಾಡಿ ಸಾಕಾಗಿತ್ತು" ಅಂದರು.

"ನಮ್ಗ್ಯಾಕಮ್ಮ? ಅಗೋ, ಆ ಚೈನ್ ಪುಲ್ಲಿಗೇಳಿ. ಬಾರ ಒತ್ತಿದ್ದು ಅದು."

ಮೇಡಂ ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ಓನರ್ ಕಾಫಿ ಕುಡಿಯದೆ ಕಾಯುತ್ತಲೇ ಇದ್ದರು. ಕೊನೆಗೆ ಆ ಹೆಂಗಸು, ಅಕ್ಕಪಕ್ಕ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಚೈನ್ ಪುಲ್ಲಿಯ ಹತ್ತಿರ ಹೋಗಿ ಮೆಲ್ಲಗೆ, "ಥ್ಯಾಂಕ್ಯೂ" ಅಂದರು. ಆಮೇಲೆ ನಮಗೆ ಕಾಫಿ ಕುಡಿಯಲು ಅಪ್ಪಣೆಯಾಯಿತು.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮೇಷ್ಟ್ರು ಒಬ್ಬರೂ ನನಗೆ ಭೇಷ್ ಅಂದವರಲ್ಲ, ಅನ್ನುವಂಥದ್ದು ನಾನು ಮಾಡಿಯೂ ಇರಲಿಲ್ಲ. ಆದರೆ ಈ ಕೆಲಸ ನನಗೆ ಬರುತ್ತದೆ. ನಾನು ಸುತ್ತಿದ ಮೋಟಾರ್ ಸುಟ್ಟು ವಾಪಸ್ ಬಂದದ್ದಿಲ್ಲ. ಅದನ್ನು ಒಂದು ಸಲ ಯಾರಾದರೂ ಹೇಳಲಿ ಅಂತ ಆಸೆ. ಯಾರಾದರೂ ಏನು, ಇವರೇ ಹೇಳಬೇಕು. ಕಲಿಸಿದವರು ಇವರೇ ತಾನೆ?

ಓನರ್ ಮಗಳು ಹೆಬ್ಬಾಳದ ಹತ್ತಿರ ಒಂದು ದೊಡ್ಡ ಆಫೀಸಿನಲ್ಲಿದ್ದಾರೆ. ಅಲ್ಲಿ ವರ್ಷಕ್ಕೊಂದು ದಿನ ಕೆಲಸದವರನ್ನು ನಿಲ್ಲಿಸಿ ಚಪ್ಪಾಳೆ ತಟ್ಟಿ, ಕೇಕು ಕೊಟ್ಟು, ಸರ್ಟಿಫಿಕೇಟ್ ಕೊಡುತ್ತಾರಂತೆ. ಆ ಅಕ್ಕ ಒಂದು ದಿನ, 'ಅತ್ಯುತ್ತಮ ಕೆಲಸಗಾರ' ಅಂತ ಬಣ್ಣದಲ್ಲಿ ಅಚ್ಚು ಹಾಕಿಸಿದ ಸರ್ಟಿಫಿಕೇಟ್ ತಂದರು. ಹೆಸರಿನ ಜಾಗ ಖಾಲಿ.

"ಅಪ್ಪಾ, ನೀನೂ ಕೊಡಪ್ಪ. ಯಾರಿಗೆ ಅಂತ ನಾನ್ ಬೇರೆ ಹೇಳ್ಬೇಕಾ?" ಅಂತ ನನ್ನ ಕಡೆ ನೋಡಿ ನಕ್ಕು ಹೋದರು.

ಓನರ್ ಇಡೀ ಮಧ್ಯಾಹ್ನ ಯೋಚಿಸಿ ಹೆಸರು ಬರೆದರು. ಬರೆದು ಅಂಟಿಸಿಯೂ ಬಿಟ್ಟರು, ವೈಂಡಿಂಗ್ ಮಿಷನ್ನಿನ ಮೇಲೆ.

"ಮೂವತ್ತೊರ್ಸ ಆಯ್ತು ಕಣ್ಲಾ. ಒಂದಿನ ರಜಾ ಕೇಳಿಲ್ಲ."

ನಾನು ಹೋದ ತಿಂಗಳು ನನ್ನ ಸ್ವಂತ ಅಕ್ಕನ ಸೀಮಂತಕ್ಕೆ ಒಂದು ದಿನ ಕೇಳಿದ್ದೆ.

ಅವತ್ತೇ ವಿದ್ಯಾರಣ್ಯಪುರದ ಇನ್ನೊಂದು ವೈಂಡಿಂಗ್ ಅಂಗಡಿಯವನಿಗೆ ಫೋನ್ ಮಾಡಿದೆ. ಅವನು ಬಹಳ ದಿನದಿಂದ, "ಬಾ ಗುರು, ನಿನ್ನಂಥ ಕೈ ಎಲ್ಲಿ ಸಿಗುತ್ತೆ" ಅಂತ ಕರೆಯುತ್ತಿದ್ದ. ನೋಡಿ, ನಾನು ಅವನ ಹತ್ತಿರ ಒಂದು ದಿನ ಕೆಲಸ ಮಾಡಿಲ್ಲ, ಆಗಲೇ ಹೊಗಳಿಕೆ! ಆಯುಧಪೂಜೆ ದಿನ ಮಧ್ಯಾಹ್ನ ಫೋನ್ ಮಾಡು, ಒಂದೇ ಮಾತು ಹೇಳುತ್ತೇನೆ ಅಂದೆ. ಆ ಪೂಜೆಯಲ್ಲೂ ಇವರು ಪೊರಕೆಗೆ ಕೈ ಮುಗಿದು ನನ್ನನ್ನು ದಾಟಿಕೊಂಡು ಹೋದರೆ, ಹೊರಟೆ. ಇಷ್ಟೇ ನನ್ನ ತೀರ್ಮಾನ.

ನಮ್ಮ ಅಂಗಡಿಯ ಆಯುಧಪೂಜೆಗೆ ಒಂದು ಕಟ್ಟುನಿಟ್ಟು ಇದೆ. ಪೂಜೆಯಾದ ಮೇಲೆ ಯಾವ ಸಾಮಾನನ್ನೂ ಮಾರನೇ ದಿನದವರೆಗೆ ಮುಟ್ಟಬಾರದು. ವರ್ಷವೆಲ್ಲ ದುಡಿದಿವೆ, ಅವತ್ತು ಅವುಗಳಿಗೆ ರಜಾ. ಹೋದ ವರ್ಷ ಸ್ವೀಟ್ ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು ಅಂತ ನಾನು ಕುಂಕುಮ ಇಟ್ಟ ಸ್ಕ್ರೂಡ್ರೈವರ್‌ನಲ್ಲಿ ಮೀಟಿದ್ದೆ. ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಸ್ಕ್ರೂಡ್ರೈವರ್ ಜೊತೆ ಮಾತಾಡಿದರು.

ಈ ವರ್ಷ ಬೆಳಿಗ್ಗೆಯೇ ಎಲ್ಲ ತೊಳೆದು, ಸಾಲಾಗಿ ಜೋಡಿಸಿ, ಬಾಳೆ ಕಂದು ಕಟ್ಟಿದೆ. ಓನರ್ ಹೊಸ ಪಂಚೆಯಲ್ಲಿ ಬಂದು ಶುರು ಮಾಡಿದರು. ಮಿಷನ್ನಿಗೆ ಹಾರ, ಸುತ್ತಿಗೆಗೆ ವಿಭೂತಿ, ಚೈನ್ ಪುಲ್ಲಿಗೆ ಡಬಲ್ ಹೂವು. ಇಕ್ಕಳ ಆಯಿತು, ಸ್ಟೂಲ್ ಆಯಿತು, ಟೀ ಫ್ಲಾಸ್ಕ್ ಆಯಿತು. ಪೊರಕೆಯೂ ಆಯಿತು. ತಟ್ಟೆ ಕೆಳಗಿಟ್ಟರು. ಮುಗಿಯಿತು ಅಂತ ನಾನು ಚಪ್ಪಲಿ ಕಡೆ ತಿರುಗಿದೆ.

"ಎಲ್ಲಿಗ್ಲಾ? ಕೈ ಕೊಡು."

"ಏನಣ್ಣ?"

"ಎರಡೂ ಕೊಡ್ಲಾ."

ನೀಡಿದೆ. ತಿರುಗಿಸಿ ನೋಡಿದರು. ಹೆಬ್ಬೆರಳ ಹಳೇ ಗಾಯದ ಮೇಲೆ ಅವರ ಬೆರಳು ಒಂದು ಗಳಿಗೆ ನಿಂತಿತು. ಆಮೇಲೆ ಎರಡೂ ಕೈಗೆ ವಿಭೂತಿ ಎಳೆದು, ಕುಂಕುಮ ಇಟ್ಟು, ಆರತಿ ಎತ್ತಿ, ಬಗ್ಗಿ ನನ್ನ ಕೈಯನ್ನು ಕಣ್ಣಿಗೊತ್ತಿಕೊಂಡರು.

"ಇವು ಸುತ್ತಿದ್ದು ಒಂದೂ ವಾಪಸ್ ಬಂದಿಲ್ಲ" ಅಂದರು. ನನಗಲ್ಲ, ಕೈಗಳಿಗೆ ಹೇಳಿದರು.

ನಾನು ಏನಾದರೂ ಕೆಲಸ ಮಾಡಿ ಮುಖ ಮರೆಸಿಕೊಳ್ಳೋಣ ಅಂತ, ಬೀದಿಗೆ ಹಂಚುವ ಪುರಿ ಚೀಲಕ್ಕೆ ಕೈ ಹಾಕಿದೆ.

"ಏಯ್, ಮುಟ್ಬೇಡ. ಕೈಗೆ ಪೂಜೆ ಆಗೈತೆ."

ಅರವತ್ತು ದಾಟಿದ ಮನುಷ್ಯ ಒಬ್ಬರೇ ಚೀಲ ಹೊತ್ತು ಬೀದಿಯೆಲ್ಲ ಹಂಚಿ ಬಂದರು. ನಾನು ಸ್ಟೂಲ್ ಮೇಲೂ ಕೂರುವಂತಿಲ್ಲ, ಅದಕ್ಕೂ ರಜಾ. ಕೈ ಮುಂದಕ್ಕೆ ಚಾಚಿಕೊಂಡು ನೆಲದ ಮೇಲೆ ಕೂತಿದ್ದೆ. ಅವರು ಬಂದು ಎದುರಿಗೆ ಕೂತು, ಎಲೆಯಲ್ಲಿ ಪುಳಿಯೋಗರೆ ಹಾಕಿ, ಕಲಸಿ ತುತ್ತು ಮಾಡಿದರು.

ಅಷ್ಟರಲ್ಲಿ ನನ್ನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ವಿದ್ಯಾರಣ್ಯಪುರ. ಕೊನೆತನಕ ಹೊಡೆದು ನಿಂತಿತು. ಮತ್ತೆ ಹೊಡೆಯಿತು.

"ಯಾರ್ಲಾ ಅದು? ನಾನ್ ತಗೀಲಾ?"

"ಬೇಡ ಅಣ್ಣ. ಕೈಗೆ ರಜಾ ಐತೆ ಅಂತ ನಾಳೆ ಹೇಳ್ತೀನಿ."

"ಊಂ. ಬಾಯಿ ತಗಿ."